ಎಳೆಗೂಸಿಗೆ ಮೊದಲ ಗಂಜಿ

ಗಂಜಿ ಭೌತವಿಜ್ಞಾನಕ್ಕೆ ಸೇರಿದ ವಿಷಯವೇ ಎಂದು ವಾಚಕರು ಕೇಳಬಹುದು. ಅಡುಗೆಮನೆಯ ಮಾತನ್ನು ಅಜ್ಜಿಯರಿಗೂ ಮಕ್ಕಳ ವೈದ್ಯರಿಗೂ ಬಿಟ್ಟು, ಮಸೂರ ದರ್ಪಣಗಳ ಮಾತನ್ನಾಡುವುದೇ ನಮಗೆ ಶೋಭಿಸುತ್ತದೆ ಎನ್ನುವವರೂ ಉಂಟು. ಆದರೆ ಆರು ತಿಂಗಳು ತುಂಬಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿಯ ಬಟ್ಟಲಿನ ಮುಂದೆ ಕುಳಿತ ತಾಯಿಗೆ ಎದುರಾಗುವುದು ಅಪ್ಪಟ ಭೌತವಿಜ್ಞಾನದ ಸಮಸ್ಯೆಯೇ. ಗಂಜಿ ತೆಳ್ಳಗಿದ್ದರೆ ಕೂಸು ಸುಲಭವಾಗಿ ನುಂಗುತ್ತದೆ. ಆದರೆ ಅದರಲ್ಲಿರುವುದು ಬಹುಪಾಲು ನೀರು. ಗಟ್ಟಿಯಾಗಿದ್ದರೆ ಅದರಲ್ಲಿ ಸತ್ತ್ವವಿರುತ್ತದೆ. ಆದರೆ ಕೂಸು ಅದನ್ನು ನುಂಗಲಾರದೆ ಮುಖ ತಿರುವುತ್ತದೆ. ನುಂಗುವಷ್ಟು ತೆಳುವಾಗಿಯೂ ಬೆಳೆಸುವಷ್ಟು ಸತ್ತ್ವಯುತವಾಗಿಯೂ ಇರುವ ಆಹಾರವನ್ನು ಪಡೆಯುವುದು ಹೇಗೆ?

ಈ ಪ್ರಶ್ನೆ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಇಡೀ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳ ಪೈಕಿ, ಆ ಸಮೀಕ್ಷೆಯ ಅಳತೆಗೋಲಿನಂತೆ, ಸಾಕಷ್ಟು ಆಹಾರ ದೊರೆಯುತ್ತಿದ್ದುದು ನೂರಕ್ಕೆ ಸುಮಾರು 11 ಮಂದಿಗೆ ಮಾತ್ರ. ಎದೆಹಾಲನ್ನು ಕುಡಿದು ಆರು ತಿಂಗಳವರೆಗೆ ಮೈತುಂಬಿಕೊಂಡು ಬೆಳೆದ ಕೂಸಿನ ತೂಕದ ರೇಖೆ ಕೆಳಕ್ಕೆ ಬಾಗತೊಡಗುವುದು ಅನೇಕ ವೇಳೆ ಈ ಗಂಜಿಯ ಕಾಲದಲ್ಲಿಯೇ. ತಾಯಿ ಉಣಿಸುತ್ತಿಲ್ಲವೆಂದಲ್ಲ, ಉಣಿಸುತ್ತಿರುವುದು ಏನನ್ನು ಎಂಬುದರಲ್ಲಿ ತೊಡಕಿದೆ.

ಮೊದಲು ಕಾಲದ ಮಾತು. ಅನ್ನಪ್ರಾಶನಕ್ಕೆ ನಮ್ಮ ಹಳೆಯ ಧರ್ಮಶಾಸ್ತ್ರಗಳು ಆರನೆಯ ತಿಂಗಳನ್ನು ಹೇಳಿದವು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅನೇಕ ದೇಶಗಳ ವೈದ್ಯರು ಮೂರು ನಾಲ್ಕು ತಿಂಗಳಿಗೇ ಮೇಲಾಹಾರ ಕೊಡಿಸುತ್ತಿದ್ದರು. 2001ರಲ್ಲಿ ವಿಶ್ವ ಆರೋಗ್ಯ ಸಭೆ ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಆಮೇಲೆ ಎದೆಹಾಲಿನ ಜೊತೆಗೆ ಇತರ ಆಹಾರ ಬೇಕು ಎಂದು ಗೊತ್ತುಮಾಡಿತು. ಆರನೆಯ ತಿಂಗಳಿಗೂ ಆರು ತಿಂಗಳು ತುಂಬುವುದಕ್ಕೂ ಒಂದು ತಿಂಗಳ ಅಂತರವಿದೆಯೆಂಬುದನ್ನು ಲೆಕ್ಕದ ಮೇಷ್ಟರಂತೆ ಇಲ್ಲಿ ಎತ್ತಿ ಹೇಳಬೇಕಾಗಿದೆ: ಐದು ತಿಂಗಳು ತುಂಬಿದೊಡನೆ ಆರನೆಯದು ಮೊದಲಾಗುತ್ತದೆ. ಈ ಗಡುವು ಶಾಸನದ ಮಾತಲ್ಲ, ಶರೀರದ ಮಾತು. ಎಳೆಯ ಕೂಸಿನ ತುಟಿಗೆ ಗಟ್ಟಿ ಪದಾರ್ಥವನ್ನು ಮುಟ್ಟಿಸಿದರೆ ನಾಲಗೆ ಅದನ್ನು ತಾನಾಗಿಯೇ ಹೊರಕ್ಕೆ ತಳ್ಳುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಈ ಸ್ವಭಾವ ಮಾಯವಾಗುತ್ತದೆ, ಕತ್ತು ನಿಲ್ಲುತ್ತದೆ, ಆಸರೆಯಿದ್ದರೆ ಕೂಸು ಕುಳಿತುಕೊಳ್ಳುತ್ತದೆ, ದೊಡ್ಡವರ ತಟ್ಟೆಯ ಕಡೆಗೆ ಕೈ ಚಾಚುತ್ತದೆ. ಅದೇ ಹೊತ್ತಿಗೆ ಗರ್ಭದಲ್ಲಿದ್ದಾಗ ಶೇಖರಿಸಿಕೊಂಡು ಬಂದ ಕಬ್ಬಿಣದ ದಾಸ್ತಾನು ಮುಗಿಯುತ್ತ ಬರುತ್ತದೆ, ಮತ್ತು ಎದೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಆದುದರಿಂದ ಅವಸರದಷ್ಟೇ ತಡವೂ ಕೆಡುಕು. ಶುಭದಿನದಲ್ಲಿ ನಾಲಗೆಗೆ ಒಂದಿಷ್ಟು ಪಾಯಸ ನೆಕ್ಕಿಸಿ, ಅನಂತರ ಹಲ್ಲು ಬರಲೆಂದು ಎರಡು ಮೂರು ತಿಂಗಳು ಕಾಯುವ ಮನೆಗಳಿವೆ. ಗಂಜಿಗೆ ಹಲ್ಲು ಬೇಕಾಗಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಆಹಾರಶಾಸ್ತ್ರಜ್ಞರ ಕ್ಯಾಲೊರಿ ನಮ್ಮ ಪ್ರಯೋಗಶಾಲೆಯ ಕ್ಯಾಲೊರಿಯ ಸಾವಿರ ಪಟ್ಟು ದೊಡ್ಡದೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಇಲ್ಲಿ ಬಳಸುವುದು ಆ ದೊಡ್ಡ ಕ್ಯಾಲೊರಿಯನ್ನೇ. ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಅದರಲ್ಲಿ 400ರಷ್ಟನ್ನು ಎದೆಹಾಲು ಕೊಡುತ್ತದೆ. ಉಳಿದ 200 ಮೇಲಾಹಾರದಿಂದ ಬರಬೇಕು. ಕೂಸಿನ ಜಠರವಾದರೋ ಪುಟ್ಟದು. ಮೈತೂಕದ ಪ್ರತಿ ಕಿಲೋಗ್ರಾಮಿಗೆ 30 ಮಿಲಿಲೀಟರಿನಂತೆ ಎಣಿಸಿದರೆ, ಏಳು ಕಿಲೋಗ್ರಾಮಿನ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು 210 ಮಿಲಿಲೀಟರು, ಎಂದರೆ ಒಂದು ಲೋಟದಷ್ಟು. ಮೊದಮೊದಲು ಕೂಸು ಅದರ ಕಾಲುಭಾಗವನ್ನೂ ತಿನ್ನುವುದಿಲ್ಲ.

ಈಗ 100 ಗ್ರಾಂ ಗಂಜಿಯಲ್ಲಿ 5 ಗ್ರಾಂ ಅಕ್ಕಿಹಿಟ್ಟು ಇದೆಯೆಂದುಕೊಳ್ಳೋಣ. ಬಟ್ಟಲಿನಿಂದ ಹಾಲಿನಂತೆ ಸುರಿಯುವ ಗಂಜಿ ಸುಮಾರು ಇಷ್ಟೇ. ಹಿಟ್ಟಿನ ಒಂದು ಗ್ರಾಮಿಗೆ ಮೂರೂವರೆ ಕ್ಯಾಲೊರಿಯಂತೆ ಅದರಲ್ಲಿರುವುದು 17 ಅಥವಾ 18 ಕ್ಯಾಲೊರಿ. ಅಷ್ಟೇ ಎದೆಹಾಲಿನಲ್ಲಿ 65ರಿಂದ 70 ಇರುತ್ತದೆ. ಆ ಗಂಜಿಯಿಂದ 200 ಕ್ಯಾಲೊರಿ ಪಡೆಯಬೇಕಾದರೆ ಕೂಸು ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿಯಬೇಕು! ಕುಡಿಯಲಾರದು. ಕುಡಿದ ಒಂದಿಷ್ಟರಿಂದಲೇ ಹೊಟ್ಟೆ ತುಂಬಿ ಎದೆಹಾಲನ್ನು ಒಲ್ಲೆನೆನ್ನುತ್ತದೆ. ಹೀಗೆ 70ರ ಜಾಗದಲ್ಲಿ 18 ಬಂದು ಕುಳಿತಂತಾಯಿತು. ಹೊಟ್ಟೆ ತುಂಬಿದೆ, ಕೂಸು ಅಳುತ್ತಿಲ್ಲ, ನಿದ್ದೆ ಮಾಡುತ್ತದೆ, ಆದರೆ ಬೆಳೆಯುತ್ತಿಲ್ಲ. ತಾಯಿಯ ಕಣ್ಣಿಗೆ ಇದು ಕಾಣುವುದು ಹೇಗೆ?

ಹಾಗಾದರೆ ಹಿಟ್ಟನ್ನು ನಾಲ್ಕರಷ್ಟು ಹಾಕಬಾರದೇ? ಇಲ್ಲಿಯೇ ಪಿಷ್ಟದ ಸ್ವಭಾವ ಅಡ್ಡಬರುತ್ತದೆ. ಅಕ್ಕಿಯಲ್ಲಿ ಪಿಷ್ಟವು ಅತಿಸೂಕ್ಷ್ಮ ಹರಳುಗಳ ರೂಪದಲ್ಲಿದೆ. ಒಂದೊಂದರ ಅಗಲ ಸುಮಾರು ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗ. ತಣ್ಣೀರಿನಲ್ಲಿ ಅವು ಮುದುರಿಕೊಂಡು ತಳಕ್ಕಿಳಿಯುತ್ತವೆ. ನೀರು ಕಾದು 65ರಿಂದ 75 ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ಒಳಗಿನ ಬಿಗಿ ಸಡಿಲವಾಗಿ, ತಮ್ಮ ತೂಕದ ಹಲವು ಪಟ್ಟು ನೀರನ್ನು ಹೀರಿ ಉಬ್ಬುತ್ತವೆ. ಉಬ್ಬಿದ ಹರಳುಗಳು ವಿರಳವಾಗಿದ್ದರೆ ಒಂದರ ಪಕ್ಕದಲ್ಲೊಂದು ಸರಿದುಹೋಗುತ್ತವೆ. ಜಾತ್ರೆಯ ಜನದಂತೆ ಒತ್ತಾದಾಗ ಸರಿಯಲು ಎಡೆಯೇ ಇಲ್ಲ. ಸ್ವತಂತ್ರವಾಗಿ ಹರಿಯುವ ನೀರೂ ಉಳಿದಿಲ್ಲ. ಆದಕಾರಣ ಹಿಟ್ಟನ್ನು ಎರಡರಷ್ಟು ಮಾಡಿದರೆ ಗಂಜಿಯ ಸ್ನಿಗ್ಧತೆ, ಎಂದರೆ ಹರಿಯಲೊಲ್ಲದ ಗುಣ, ಎರಡರಷ್ಟಾಗುವುದಿಲ್ಲ. ಹಲವು ಪಟ್ಟು ಏರುತ್ತದೆ. ನೂರಕ್ಕೆ 10ರಷ್ಟು ಹಿಟ್ಟಿಗೇ ಅದು ಸರಿಯೆನ್ನಿಸಿಕೊಳ್ಳುವಷ್ಟು ಮಂದವಾಗುತ್ತದೆ. 20ಕ್ಕೆ ಬಂದರೆ ಮುದ್ದೆಯಾಗಿ ಚಮಚಕ್ಕೆ ಅಂಟಿ ಕೂರುತ್ತದೆ. ತಾಯಿ ಬಿಸಿನೀರು ಬೆರೆಸಿ ಅದನ್ನು ಸಡಿಲಿಸುತ್ತಾಳೆ. ಸ್ನಿಗ್ಧತೆ ಇಳಿಯಿತು, ಜೊತೆಯಲ್ಲಿಯೇ ಸತ್ತ್ವವೂ ಇಳಿಯಿತು.

ಕೊಡಗಿನ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸಂದೇಹ ಬರುವುದು ಸಹಜ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿನಷ್ಟು ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಪಾದರಸದ 760 ಮಿಲಿಮೀಟರಿನ ಬದಲು ಸುಮಾರು 660. ನೀರು ಕುದಿಯುವುದು 96 ಡಿಗ್ರಿಯಲ್ಲಿಯೇ. ಮಂಗಳೂರಿನಲ್ಲಿ ನೂರು ತೋರಿಸಿದ ಉಷ್ಣಮಾಪಕವನ್ನು ಇಲ್ಲಿಗೆ ತಂದರೆ ಅದು ಕೆಟ್ಟಿದೆಯೋ ಎಂದು ಅನ್ನಿಸಬೇಕು. ಈ ನಾಲ್ಕು ಡಿಗ್ರಿಯ ಕೊರತೆಯಿಂದ ಕೂಸಿನ ಗಂಜಿ ಹಸಿಯಾಗಿ ಉಳಿಯುವುದೇ? ಇಲ್ಲ. ಪಿಷ್ಟ ಉಬ್ಬುವುದಕ್ಕೆ 75 ಡಿಗ್ರಿ ಸಾಕೆಂದ ಮೇಲೆ 96 ಧಾರಾಳವಾಯಿತು. ಭೇದಿ ತರುವ ಸಾಮಾನ್ಯ ರೋಗಾಣುಗಳೂ ಅಷ್ಟರೊಳಗೆ ಸಾಯುತ್ತವೆ. ತೊಂದರೆ ಬರುವುದು ಬೇಳೆಯಲ್ಲಿ: ಮಡಿಕೇರಿಯ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಮೃದುವಾಗಲು ಕರಾವಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಏರಿ ನೀರು 118 ಡಿಗ್ರಿಯ ಆಸುಪಾಸಿನವರೆಗೆ ಕಾಯುವುದರಿಂದ ಈ ತೊಡಕು ಪರಿಹಾರವಾಗುತ್ತದೆ. ಕೂಸಿನ ಬೇಳೆ ಬೆರಳುಗಳ ನಡುವೆ ಹಿಟ್ಟಿನಂತೆ ನುಣ್ಣಗಾಗಬೇಕು.

ಗಟ್ಟಿ ಗಂಜಿಯನ್ನು ನೀರು ಬೆರೆಸದೆ ತೆಳುವಾಗಿಸುವ ಉಪಾಯವನ್ನು ಪ್ರಕೃತಿಯೇ ಧಾನ್ಯದೊಳಗೆ ಇಟ್ಟಿದೆ. ಕಾಳು ಮೊಳೆಯುವಾಗ ಎಳೆಯ ಸಸಿಗೆ ಸಕ್ಕರೆ ಬೇಕು, ಕಾಳಿನಲ್ಲಿರುವುದು ಪಿಷ್ಟ. ಪಿಷ್ಟವೆಂದರೆ ಸಕ್ಕರೆಯ ಸಾವಿರಾರು ಅಣುಗಳು ಕೊಂಡಿಯಂತೆ ಸೇರಿದ ಉದ್ದನೆಯ ಸರಪಳಿ. ಆ ಸರಪಳಿಯನ್ನು ಕತ್ತರಿಸಲು ಮೊಳಕೆ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಈ ಕಿಣ್ವ ಸರಪಳಿಯನ್ನು ತುದಿಯಿಂದ ಒಂದೊಂದೇ ಕೊಂಡಿಯಾಗಿ ಬಿಡಿಸುತ್ತ ಕೂರುವುದಿಲ್ಲ; ನಡುನಡುವೆ ಕತ್ತರಿಸುತ್ತದೆ. ಉದ್ದದ ಹಗ್ಗಗಳ ಗೋಜಲನ್ನು ಅಲ್ಲಲ್ಲಿ ಕತ್ತರಿಸಿದರೆ ಗೋಜಲು ಹೇಗೆ ಕುಸಿಯುವುದೋ ಹಾಗೆ ಕೆಲವೇ ಕಡಿತಗಳಿಂದ ಗಂಜಿ ನೀರಾಗುತ್ತದೆ. ಆದರೆ ಹಗ್ಗದ ತೂಕ ಕಡಿಮೆಯಾಗಿಲ್ಲ. ಬಟ್ಟಲಿನಲ್ಲಿದ್ದ ಹಿಟ್ಟೆಲ್ಲವೂ ಅಲ್ಲಿಯೇ ಇದೆ, ಅದರ ಕ್ಯಾಲೊರಿಗಳೂ ಅಲ್ಲಿಯೇ ಇವೆ. ಹರಿಯುವ ಗುಣವೊಂದು ಬದಲಾಗಿದೆ.

ಕನ್ನಡ ನಾಡಿನವರಿಗೆ ಇದು ಹೊಸದಲ್ಲ. ಅಕ್ಕಿಯ ನಾಡಾದ ಕೊಡಗಿನ ಗದ್ದೆಗಳನ್ನು ದಾಟಿ ಪೂರ್ವಕ್ಕೆ, ಪಿರಿಯಾಪಟ್ಟಣ ಹುಣಸೂರುಗಳ ಬಯಲಿಗೆ ಇಳಿದರೆ ರಾಗಿಯ ಸೀಮೆ. ಅಲ್ಲಿನ ಮನೆಗಳಲ್ಲಿ ಕೂಸಿಗೆ ಮೊಳಕೆಯ ರಾಗಿಹಿಟ್ಟು ಮಾಡುವುದು ಹಳೆಯ ಪದ್ಧತಿ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳೆಯಿಸಿ, ಬಿಸಿಲಿನಲ್ಲಿ ಒಣಗಿಸಿ, ಮೊಳಕೆಯ ಬಾಲಗಳನ್ನು ಉಜ್ಜಿ ತೂರಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುತ್ತಾರೆ. ಹುರಿಯುವಾಗ ಕೈ ಹಗುರವಾಗಿರಬೇಕು: ಕಂಪು ಬಂದರೆ ಸಾಕು, ಕಪ್ಪಗಾಗುವಷ್ಟು ಹುರಿದರೆ ಕಿಣ್ವ ಸುಟ್ಟುಹೋಗಿ ಎರಡು ದಿನದ ಶ್ರಮ ವ್ಯರ್ಥವಾಗುತ್ತದೆ. ರಾಗಿಯಲ್ಲಿ ಇನ್ನೊಂದು ಲಾಭವಿದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದ್ದರೆ, ಅಷ್ಟೇ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು.

ಈ ಅಜ್ಜಿಯ ವಿದ್ಯೆಯನ್ನು ಅಳತೆಗೋಲಿನ ಮುಂದೆ ನಿಲ್ಲಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಈ ಸಂಸ್ಥೆ ತನ್ನ ಮೊದಲ ದಶಕದಲ್ಲಿಯೇ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದು ಹೆಸರಾಯಿತು. ಆ ದಿನಗಳಲ್ಲಿ ಲೋಕವೆಲ್ಲ ಸಸಾರಜನಕದ ಕೊರತೆಯ ಮಾತನ್ನೇ ಆಡುತ್ತಿತ್ತು. 1960ರ ದಶಕದಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ನಮ್ಮ ಬಡಮಕ್ಕಳ ಊಟದಲ್ಲಿ ಮೊದಲು ಕಡಿಮೆ ಬೀಳುತ್ತಿರುವುದು ಒಟ್ಟು ಕ್ಯಾಲೊರಿಯೇ ಎಂಬುದನ್ನು ಎತ್ತಿ ತೋರಿಸಿದರು. ದೃಷ್ಟಿ ಹೀಗೆ ತಿರುಗಿದ ಮೇಲೆ ಗಂಜಿಯ ಸ್ನಿಗ್ಧತೆಗೆ ಬೆಲೆ ಬಂದಿತು. ಮೈಸೂರಿನ ಸಂಸ್ಥೆಯ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆಯ ರಾಗಿ ಮತ್ತು ಹೆಸರುಕಾಳುಗಳಿಂದ, ಬಿಸಿಯಾಗಿದ್ದಾಗ ಕಡಿಮೆ ಸ್ನಿಗ್ಧತೆಯುಳ್ಳ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು.

ವಾಚಕರು ಈ ಪ್ರಯೋಗವನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಅಕ್ಕಿಹಿಟ್ಟಿನಿಂದ ಚಮಚ ನಿಲ್ಲುವಷ್ಟು ಗಟ್ಟಿ ಗಂಜಿಯನ್ನು ಕಾಯಿಸಿ ಎರಡು ಬಟ್ಟಲುಗಳಿಗೆ ಸಮನಾಗಿ ಹಾಕಿರಿ. ಉಷ್ಣತೆ 65 ಡಿಗ್ರಿಗೆ ಇಳಿಯಲಿ. ಒಂದಕ್ಕೆ ಅರ್ಧ ಚಮಚ ಮೊಳಕೆಯ ರಾಗಿಹಿಟ್ಟನ್ನೂ, ಇನ್ನೊಂದಕ್ಕೆ ಅಷ್ಟೇ ಸಾದಾ ರಾಗಿಹಿಟ್ಟನ್ನೂ ಕಲಸಿ ಹತ್ತು ನಿಮಿಷ ಬಿಡಿರಿ. ಮೊದಲನೆಯದು ಹರಿಯತೊಡಗುತ್ತದೆ, ಎರಡನೆಯದು ಹಾಗೆಯೇ ನಿಂತಿರುತ್ತದೆ. ಮೊಳಕೆಯ ಹಿಟ್ಟನ್ನು ಕುದಿಯುವ ಗಂಜಿಗೇ ಸುರಿದರೆ ಈ ಚಮತ್ಕಾರ ನಡೆಯದು. ಕಿಣ್ವ ಚುರುಕಾಗಿರುವುದು 55ರಿಂದ 65 ಡಿಗ್ರಿಯಲ್ಲಿ. ಕುದಿಯುವ ಶಾಖದಲ್ಲಿ ಅದು ನಾಶವಾಗುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಕಾಯಿಸಬೇಕೆಂದು ಅಜ್ಜಿಯರು ಹೇಳುವುದರ ಮರ್ಮ ಇದೇ: ಗಂಜಿ ಆ ಹತ್ತು ಡಿಗ್ರಿಯ ಬಾಗಿಲನ್ನು ಸಾವಕಾಶವಾಗಿ ದಾಟಬೇಕು. ಆದರೆ ಕೊನೆಗೆ ಅದು ಚೆನ್ನಾಗಿ ಕುದಿಯಲೇಬೇಕು. ಏಕೆಂದರೆ ತೇವದಲ್ಲಿ ಎರಡು ದಿನ ಕಳೆದ ಕಾಳಿನಲ್ಲಿ ಮೊಳಕೆಯ ಜೊತೆಗೆ ರೋಗಾಣುಗಳೂ ಬೆಳೆದಿರಬಹುದು. ಇದೇ ಕಿಣ್ವ ನಮ್ಮ ಜೊಲ್ಲಿನಲ್ಲಿಯೂ ಇದೆ, ಎದೆಹಾಲಿನಲ್ಲಿಯೂ ಇದೆ. ಕೂಸು ಅರ್ಧ ತಿಂದು ಬಿಟ್ಟ ಬಟ್ಟಲಿನ ಸರಿ ಸ್ವಲ್ಪ ಹೊತ್ತಿನಲ್ಲಿ ನೀರುನೀರಾಗುವುದನ್ನು ಎಲ್ಲ ಮನೆಗಳಲ್ಲಿಯೂ ಕಾಣಬಹುದು. ಚಮಚದೊಡನೆ ಬಟ್ಟಲಿಗೆ ಬಂದ ಜೊಲ್ಲು ಅಲ್ಲಿ ಕೆಲಸ ಮಾಡಿರುತ್ತದೆ.

ಮೊಳಕೆಯ ಹಿಟ್ಟಿನಿಂದ ನೂರಕ್ಕೆ 20ರಷ್ಟು ಹಿಟ್ಟುಳ್ಳ ಗಂಜಿಯನ್ನೂ ಕೂಸು ನುಂಗಬಲ್ಲದು. ಅದರ 100 ಗ್ರಾಮಿನಲ್ಲಿ 70 ಕ್ಯಾಲೊರಿ ಬಂತು. ಅದಕ್ಕೆ ಒಂದು ಸಣ್ಣ ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿದರೆ ಇನ್ನೂ 45 ಸೇರುತ್ತದೆ. ತುಪ್ಪ ನೀರನ್ನು ಹೀರಿ ಉಬ್ಬುವ ವಸ್ತುವಲ್ಲ. ಆದ್ದರಿಂದ ಗಂಜಿಯನ್ನು ಗಟ್ಟಿಮಾಡದೆಯೇ ಸತ್ತ್ವವನ್ನು ಹೆಚ್ಚಿಸುತ್ತದೆ. ಮೊಳಕೆಯ ಹಿಟ್ಟಿಲ್ಲದ ಮನೆಯಲ್ಲಿ ತುಪ್ಪವೇ ಅತ್ಯಂತ ಸುಲಭವಾದ ದಾರಿ. ಗಂಜಿಯ ಹದಕ್ಕೆ ಒಂದು ಒರಟು ಪರೀಕ್ಷೆಯುಂಟು: ಚಮಚವನ್ನು ಓರೆಮಾಡಿದಾಗ ಅದು ನೀರಿನಂತೆ ಸುರಿಯದೆ, ನಿಧಾನವಾಗಿ ಜಾರಬೇಕು. ಮೊಳಕೆಯ ಗಂಜಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಅಲ್ಲಿ ಹಾಕಿದ ಹಿಟ್ಟನ್ನೇ ಅಳೆಯಬೇಕು.

ಕೊಡಗಿನಲ್ಲಿ ಈ ಲೆಕ್ಕ ಅತ್ಯಂತ ಬಿಗಿಯಾಗುವುದು ಕಾಫಿ ಕುಯ್ಲಿನ ಕಾಲದಲ್ಲಿ. ಡಿಸೆಂಬರಿನಿಂದ ಮುಂದೆ ಮೂರು ತಿಂಗಳು ತೋಟಗಳ ಲೈನ್ ಮನೆಗಳ ತಾಯಂದಿರು ಬೆಳಗಾಗುತ್ತಲೇ ಹಣ್ಣು ಕೀಳಲು ಹೋಗುತ್ತಾರೆ. ಹಗಲಿನ ಎದೆಹಾಲು ತಪ್ಪುತ್ತದೆ. ಅದರ ಸ್ಥಾನದಲ್ಲಿ ಬೆಳಿಗ್ಗೆ ಕಾಯಿಸಿಟ್ಟ ತೆಳುಗಂಜಿಯನ್ನು ಆರೇಳು ವರ್ಷದ ಅಕ್ಕನೊಬ್ಬಳು ಕುಡಿಸುತ್ತಾಳೆ. 1951ರ ತೋಟ ಕಾರ್ಮಿಕರ ಕಾನೂನು 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಗೃಹ ಇರಬೇಕೆಂದು ವಿಧಿಸಿತು. ಆದರೆ ಕೊಡಗಿನ ತೋಟಗಳಲ್ಲಿ ಬಹಳಷ್ಟು ಸಣ್ಣವು. ಬೆಳಗಿನ ಗಂಜಿ ಮಧ್ಯಾಹ್ನದವರೆಗೆ ಉಗುರುಬೆಚ್ಚಗೆ ಇದ್ದರೆ ಅದು ರೋಗಾಣುಗಳ ತೊಟ್ಟಿಲಾಗುತ್ತದೆ. 60 ಡಿಗ್ರಿಗಿಂತ ಬಿಸಿಯಲ್ಲಿ ಅವು ಹೆಚ್ಚಲಾರವು. ಚೆನ್ನಾಗಿ ತಣಿದ ಸ್ಥಿತಿಯಲ್ಲಿ ನಿಧಾನವಾಗುತ್ತವೆ. ನಡುವಣ ಬೆಚ್ಚನೆಯೇ ಅವುಗಳಿಗೆ ಸುಗ್ಗಿ. ಹಾಗಾಗಿ ಅರೆಬಿಸಿ ಫ್ಲಾಸ್ಕಿನ ಗಂಜಿಯನ್ನು ನಾವು ಒಪ್ಪಲಾರೆವು. ಹುರಿದ ಹಿಟ್ಟನ್ನು ಒಣದಾಗಿ ಡಬ್ಬಿಯಲ್ಲಿಟ್ಟು, ಮನೆಯಲ್ಲಿರುವ ದೊಡ್ಡವರು ಬೇಕಾದಾಗ ಬೇಕಾದಷ್ಟೇ ಕಾಯಿಸುವುದು ಮೇಲು. ಆ ಹಿಟ್ಟನ್ನೂ ಬಿಸಿಲಿರುವ ತಿಂಗಳುಗಳಲ್ಲಿಯೇ ಮಾಡಿಟ್ಟುಕೊಳ್ಳಬೇಕು. ಕಕ್ಕಡ ಮಾಸದ ಮಳೆಯಲ್ಲಿ ಮೊಳಕೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಬಿಸಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ನೀರಿನಲ್ಲಿ ಶಾಖ ಸಂವಹನದಿಂದ ಹರಡುತ್ತದೆ: ಬಿಸಿಯಾದ ಭಾಗ ಮೇಲಕ್ಕೂ ತಣಿದದ್ದು ಕೆಳಕ್ಕೂ ಚಲಿಸಿ ಎಲ್ಲವೂ ಸಮನಾಗುತ್ತದೆ. ಗಟ್ಟಿ ಸರಿಯಲ್ಲಿ ಈ ಚಲನೆ ನಿಂತುಹೋಗಿರುತ್ತದೆ. ಮೇಲೆ ಕೆನೆಗಟ್ಟಿ ತಣಿದಂತೆ ಕಂಡರೂ ಒಡಲಿನಲ್ಲಿ ಬಾಯಿ ಸುಡುವಷ್ಟು ಬಿಸಿ ಉಳಿದಿರುತ್ತದೆ. ಕಲಸಿ, ಆಮೇಲೆ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಬೇಕು.

ಗಂಜಿಯೊಂದರಿಂದಲೇ ಎಲ್ಲವೂ ನಡೆಯುವುದಿಲ್ಲ. ಎರಡು ಮೂರು ಚಮಚದಿಂದ ಆರಂಭಿಸಿ, ಏಳೆಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ ಅರ್ಧ ಲೋಟದವರೆಗೆ ಏರಿಸುತ್ತ, ನುಣ್ಣನೆ ಬೆಂದ ಬೇಳೆ, ಸಿಹಿಗುಂಬಳ, ಮಾಗಿದ ಬಾಳೆಹಣ್ಣು, ಸೊಪ್ಪುಗಳನ್ನು ಒಂದೊಂದಾಗಿ ಸೇರಿಸಬೇಕು. ಕಬ್ಬಿಣಕ್ಕೆ ಮೊಟ್ಟೆ, ಮೀನು, ಮಾಂಸಗಳು ಒಳ್ಳೆಯ ಮೂಲ. ಮಾಂಸಾಹಾರ ರೂಢಿಯಲ್ಲಿರುವ ಕೊಡವರ ಮನೆಗಳಲ್ಲಿ ಕೋಳಿಯ ಮೆತ್ತನೆಯ ಮಾಂಸವನ್ನು ಖಾರ, ಉಪ್ಪು, ಕಾಚಂಪುಳಿ ಬೀಳುವ ಮೊದಲೇ ತೆಗೆದು ಅರೆದುಕೊಡುವುದು ಕಷ್ಟವೇನಲ್ಲ. ಸಸ್ಯಾಹಾರಿಗಳ ಬೇಳೆ ಸೊಪ್ಪುಗಳ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅವುಗಳ ಕಬ್ಬಿಣ ಹೆಚ್ಚಾಗಿ ಮೈಗೂಡುತ್ತದೆ. ಚಹಾ ಕುಡಿಸಿದರೆ ಕಡಿಮೆಯಾಗುತ್ತದೆ. ಒಂಬತ್ತು ತಿಂಗಳಾದರೂ ಎಲ್ಲವನ್ನೂ ಸೋಸಿ ನೀರಾಗಿಯೇ ಕೊಡುವವರುಂಟು. ಇದು ಸಲ್ಲದು. ಆ ವೇಳೆಗೆ ಹಿಸುಕಿದ ನೂಪುಟ್ಟು, ತುಪ್ಪದಲ್ಲಿ ಕಲಸಿದ ಅನ್ನದ ಅಗುಳುಗಳು ಕೂಸಿನ ಒಸಡಿಗೆ ಕೆಲಸ ಕೊಡಬೇಕು. ತೆಳುವನ್ನೇ ರೂಢಿಮಾಡಿದ ಮಗು ಮುಂದೆ ಅಗಿಯಲು ಹಟಮಾಡುತ್ತದೆ. ಒಂದು ವರ್ಷಕ್ಕೆ ಪುಡಿಮಾಡಿದ ಕಡಂಬುಟ್ಟು ಮನೆಯವರೊಡನೆ ತಟ್ಟೆಗೆ ಬರಲಿ. ಎದೆಹಾಲು ಎರಡು ವರ್ಷದವರೆಗೂ ಅದರಾಚೆಗೂ ಇರಬಹುದು.

ಕೊಡಗಿನ ಹೆಸರಾಂತ ಜೇನುತುಪ್ಪವನ್ನು ಮಾತ್ರ ಒಂದು ವರ್ಷ ತುಂಬುವವರೆಗೆ ಕೂಸಿನ ನಾಲಗೆಗೆ ತಾಗಿಸಕೂಡದು, ಹುಟ್ಟಿದ ದಿನದ ಶಾಸ್ತ್ರಕ್ಕೂ ಕೂಡದು. ಜೇನಿನಲ್ಲಿ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಜೀವಾಣುವಿನ ಬೀಜಾಣುಗಳು ಇರಬಹುದು. ಜೇನಿನಲ್ಲಿ ನೀರು ಐದರಲ್ಲೊಂದು ಪಾಲಿಗಿಂತಲೂ ಕಡಿಮೆಯಿರುವುದರಿಂದ ಅವು ಅಲ್ಲಿ ಮೊಳೆಯದೆ ಮಲಗಿರುತ್ತವೆ; ದೊಡ್ಡವರ ಕರುಳಿನಲ್ಲಿಯೂ ಮೊಳೆಯಲಾರವು. ಎಳೆಗೂಸಿನ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ನಿಶ್ಚಲಗೊಳಿಸುವ ವಿಷವನ್ನು ಕಾರುತ್ತವೆ. ಈ ಶಿಶುರೋಗವನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ. ಜೇನನ್ನು ಕುದಿಸಿ ಕೊಟ್ಟರಾಗದೇ ಎಂದರೆ, ಈ ಬೀಜಾಣುಗಳು ಮಂಗಳೂರಿನ ನೂರು ಡಿಗ್ರಿಗೂ ಜಗ್ಗುವುದಿಲ್ಲ. ಮಡಿಕೇರಿಯ 96ರ ಮಾತಂತೂ ದೂರವೇ ಉಳಿಯಿತು.

ತೆವಳಲು ಕಲಿತ ಕೂಸು ತನ್ನ ಮೇಲಾಹಾರವನ್ನು ತಾನೇ ಹುಡುಕಿಕೊಳ್ಳುವುದೂ ಉಂಟು. ಅದರ ಶ್ವಾಸನಾಳದ ಅಗಲ ನಾಲ್ಕೈದು ಮಿಲಿಮೀಟರು. ಒಂದು ಒಳ್ಳೆಯ ಮೆಣಸಿನ ಕಾಳಿನದೂ ಅಷ್ಟೇ. ಜನವರಿಯಿಂದ ಮಾರ್ಚಿಯವರೆಗೆ ಮನೆಯ ಮುಂದಿನ ಕಣದಲ್ಲಿ ಕಾಫಿಯನ್ನೂ ಮೆಣಸನ್ನೂ ಒಣಹಾಕಿದಾಗ ಕೂಸನ್ನು ಅಲ್ಲಿ ಒಂಟಿಯಾಗಿ ಬಿಡಬಾರದು. ಕಡಲೆಕಾಯಿಬೀಜವನ್ನು ಪುಡಿಮಾಡಿಯೇ ಕೊಡಬೇಕು. ಉಣಿಸುವಾಗ ಕೂಸು ಮಲಗಿರದೆ ಕುಳಿತಿರಬೇಕು.